ವಿಜಯಂತ ಟ್ಯಾಂಕಿಗೆ ಮಂಡಿಪೇಟೆಯ ತಂತಿ

ವಿಜಯಂತ ಟ್ಯಾಂಕಿನ ಪುಟ್ಟ ಮಾದರಿ ಜೋಡಿಸುವ ಪ್ಲಾಸ್ಟಿಕ್ ಕಿಟ್ ಸುಲಭವಾಗಿ ಸಿಗುವುದಿಲ್ಲ. ಬ್ರಿಟನ್ನಿನ ವಿಕರ್ಸ್ ಕಂಪನಿಯ ವಿನ್ಯಾಸದಿಂದ ಚೆನ್ನೈ ಹತ್ತಿರದ ಆವಡಿಯಲ್ಲಿ ತಯಾರಾದ ನಮ್ಮ ಟ್ಯಾಂಕ್ ಅದು. ಹಾಗಾಗಿ ಟರೆಟ್ (ಫಿರಂಗಿ ಇರುವ, ತಿರುಗುವ ಮೇಲ್ಭಾಗ) ಹಿಂದಿನ ಸಾಮಾನಿನ ಬುಟ್ಟಿಯನ್ನು ನಾನೇ ಮಾಡಲು ಕೂತೆ.

ನನ್ನ ಮಾದರಿಯ ಅಳತೆ 1:35, ಅಂದರೆ ನಿಜವಾದ ಟ್ಯಾಂಕಿನ ಮೂವತ್ತೈದನೇ ಒಂದು ಭಾಗ. ಫಿರಂಗಿಯ 105 ಮಿ.ಮೀ. ಬಾಯಿ ಇಲ್ಲಿ ಸರಿಯಾಗಿ 3 ಮಿ.ಮೀ. ಎಷ್ಟು ಚೆಂದದ ಲೆಕ್ಕ ಅಲ್ವಾ! ಬುಟ್ಟಿಯ ಸರಳುಗಳಿಗೆ ದಾವಣಗೆರೆಯ ಮಂಡಿಪೇಟೆ ಕಡೆ ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ ತಾಮ್ರದ ತಂತಿ ತಂದೆ. ತಂತಿಯ ಒಂದು ತುದಿಯನ್ನು ವೈಸ್‌ನಲ್ಲಿ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಿಂದ ಜಗ್ಗಬೇಕು. ಸ್ವಲ್ಪ ಹಿಗ್ಗಿದರೆ ಸಾಕು, ನೆಟ್ಟಗಾಗುತ್ತದೆ. ಮೇಲಿನ ಎನಾಮೆಲ್ ಲೇಪ ಉಜ್ಜಿ ತೆಗೆಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಮೂಲೆಗಳಿಗೆ ಬೆಸುಗೆಯೇ ಆಗಬೇಕು. ಬರೀ ಸೂಪರ್ ಗ್ಲೂ ಹಾಕಿದರೆ ಕೈ ತಾಗಿದಾಗ ಬಿಟ್ಟುಕೊಳ್ಳುತ್ತದೆ.

ನನಗೆ ಜಾಸ್ತಿ ಇಷ್ಟದ ಕೆಲಸ ವೆಲ್ಡಿಂಗ್ ಗೆರೆ. ಹಳೇ ಕಿಟ್‌ನಲ್ಲಿ ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ. ಅದನ್ನು ತಗಡಿನ ಸಂದಿಗೆ ಕೂರಿಸಿ, ಪ್ಲಾಸ್ಟಿಕ್ ಅಂಟು ಸವರಿ, ಮೆತ್ತಗಾದಾಗ ಬ್ಲೇಡಿನ ತುದಿಯಿಂದ ಒತ್ತುತ್ತಾ ಹೋಗುತ್ತೇನೆ. ಬಣ್ಣ ಬಿದ್ದ ಮೇಲೆ ನಿಜವಾದ ವೆಲ್ಡಿಂಗೇ ಕಾಣುತ್ತದೆ.

ಮುಂದಿನದು ಹೊಗೆ ಗುಂಡಿನ ನಳಿಕೆಗಳು. ಅದಕ್ಕೆ ಸರಿಹೊಂದುವ ಸಣ್ಣ ಹಿತ್ತಾಳೆ ಕೊಳವೆ ಹುಡುಕುತ್ತಿದ್ದೇನೆ.