ಪಾರ್ಟ್ ಬಿ ಯಾರು ತುಂಬ್ತಾರೆ ಮೇಡಂ?

2024ರ ಜುಲೈ ಮೊದಲ ವಾರ. ಹೊಸ ಕ್ರಿಮಿನಲ್ ಕಾನೂನುಗಳು ಒಂದನೇ ತಾರೀಕಿನಿಂದ ಜಾರಿಗೆ ಬಂದಿದ್ದವು. ಸರ್ಕಾರದಲ್ಲಿ ಸೈಬರ್ ಭದ್ರತೆಯ ಕಾನೂನು ಸಲಹೆಗಾರಳಾಗಿದ್ದ ನಾನು ಒಂದು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯವರಿಗೆ ತರಬೇತಿ ಕೊಡಲು ಹೋಗಿದ್ದೆ.

ನಾನು ವಕೀಲಿಕೆ ಬಿಟ್ಟು ಈ ಕೆಲಸಕ್ಕೆ ಬಂದಿದ್ದೇ ಒಂದು ಕಾಗದದಿಂದ. ಒಬ್ಬ ನಿವೃತ್ತ ಮೇಷ್ಟ್ರು ಮೋಸದಲ್ಲಿ ದುಡ್ಡು ಕಳೆದುಕೊಂಡು ನನ್ನ ಹತ್ತಿರ ಬಂದಿದ್ದರು. ಇಮೇಲ್‌ಗಳ ಪ್ರಿಂಟ್ ಎಲ್ಲಾ ಇತ್ತು. ಆದರೆ 65ಬಿ ಸರ್ಟಿಫಿಕೇಟ್, ಅಂದರೆ ಆ ಪ್ರತಿ ಯಾವ ಕಂಪ್ಯೂಟರಿನಿಂದ ಹೇಗೆ ಬಂತು ಅಂತ ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ ಪ್ರಕಾರ ಸಹಿ ಹಾಕಿ ಕೊಡುವ ಕಾಗದ, ಇರಲಿಲ್ಲ. ಅದಿಲ್ಲದ ಎಲೆಕ್ಟ್ರಾನಿಕ್ ಪ್ರತಿಯನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಅನ್ವರ್ ಕೇಸಿನಲ್ಲಿ ಹೇಳಿತ್ತು. ಅದನ್ನು ನಾನು ಓದಿದ್ದು ತಡವಾಗಿ. ಕೇಸು ಹೋಯಿತು. ಮೇಷ್ಟ್ರು ಏನೂ ಬೈಯಲಿಲ್ಲ, "ಇರಲಿ ಬಿಡಮ್ಮ" ಅಂದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಆ ದಿನ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 65ಬಿ ಜಾಗಕ್ಕೆ ಬಂದ ಸೆಕ್ಷನ್ 63ನ್ನು ನಿಧಾನವಾಗಿ ಬಿಡಿಸಿ ಹೇಳಿದೆ. ಹಳೆಯ ಕಾನೂನಿನಲ್ಲಿ ಸರ್ಟಿಫಿಕೇಟಿಗೆ ನಮೂನೆಯೇ ಇರಲಿಲ್ಲ, ಈಗ ಇದೆ. ಪಾರ್ಟ್ ಎ ಸಾಕ್ಷ್ಯ ಕೊಡುವವರು ತುಂಬಬೇಕು, ಪಾರ್ಟ್ ಬಿ ಎಕ್ಸ್‌ಪರ್ಟ್ ತುಂಬಬೇಕು, ಎರಡರಲ್ಲೂ ಫೈಲಿನ ಹ್ಯಾಶ್, ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ ಬೆರಳಚ್ಚಿನಂಥ ಕೋಡ್, ಬರೆಯಬೇಕು. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ, ಅಲ್ವಾ, ಅದಕ್ಕೇ ಅದು ಬೇಕು ಅಂದೆ. ಲ್ಯಾಪ್‌ಟಾಪಿನಲ್ಲಿ ಮಾಡಿಯೂ ತೋರಿಸಿದೆ.

ಹಿಂದಿನ ಸಾಲಿನಿಂದ ಒಬ್ಬ ಇನ್‌ಸ್ಪೆಕ್ಟರ್ ಎದ್ದರು. "ಪಾರ್ಟ್ ಎ ಸರಿ ಮೇಡಂ. ಅಂಗಡಿಯವನ ಹತ್ರ ಸಿಸಿಟಿವಿ ಕ್ಲಿಪ್ ತಗೊಂಡ್ರೆ ಅವನೇ ಸೈನ್ ಹಾಕ್ತಾನೆ. ಪಾರ್ಟ್ ಬಿ ಯಾರು ತುಂಬ್ತಾರೆ? ಎಕ್ಸ್‌ಪರ್ಟ್‌ನ ಈ ಊರಲ್ಲಿ ಎಲ್ಲಿ ಹುಡುಕಲಿ? ಒಂದೊಂದು ಕ್ಲಿಪ್ಪಿಗೂ ಬೆಂಗಳೂರಿಗೆ ಹೋಗಬೇಕಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಕ್ಸ್‌ಪರ್ಟ್ ಅಂದರೆ ಯಾರು ಅಂತ ಸೆಕ್ಷನ್ 63 ಬಿಡಿಸಿ ಹೇಳುವುದಿಲ್ಲ. ಐಟಿ ಕಾಯ್ದೆಯ 79ಎ ಅಡಿ ಸರ್ಕಾರ ಗುರುತಿಸಿದ ಎಲೆಕ್ಟ್ರಾನಿಕ್ ಸಾಕ್ಷ್ಯದ ಪರೀಕ್ಷಕರು ಮಾತ್ರವೇ, ಅಥವಾ ಕಂಪ್ಯೂಟರ್ ಬಲ್ಲ ಬೇರೆಯವರೂ ಆಗುತ್ತದೆಯೇ? ಸುಮ್ನೆ ಏನೋ ಹೇಳಿ ಕೂರಿಸಬಹುದಿತ್ತು, ಆದರೆ ನಾಳೆ ಕೋರ್ಟಿನ ಕಟಕಟೆಯಲ್ಲಿ ನಿಲ್ಲುವವರು ಅವರು. "ಗೊತ್ತಿಲ್ಲ ಸರ್, ಬರಹದಲ್ಲಿ ಉತ್ತರ ತರಿಸುತ್ತೇನೆ" ಅಂದೆ.

ಹೊಸ ಕಾನೂನು ಹ್ಯಾಶ್ ಕೇಳಿದ್ದು ಸರಿ, ಅದರ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ಇನ್ನೊಂದು ಸಹಿ ಕೇಳುವ ಮೊದಲು ಆ ಸಹಿ ಹಾಕುವ ಮನುಷ್ಯ ತಾಲ್ಲೂಕಿನಲ್ಲಿ ಇದ್ದಾನಾ ಅಂತ ನೋಡಬೇಕಿತ್ತು. ಇಲ್ಲದಿದ್ದರೆ ಇನ್ನೊಬ್ಬ ಮೇಷ್ಟ್ರು ನನ್ನ ಮೇಷ್ಟ್ರ ಹಾಗೆಯೇ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ.

ಸಂಜೆ ವಾಪಸ್ ಬರುವ ಬಸ್ಸಿನಲ್ಲೇ ಇಲಾಖೆಗೆ ಟಿಪ್ಪಣಿ ಬರೆಯಲು ಶುರು ಮಾಡಿದೆ. ಕಾನೂನಿನ ಭಾಷೆಯಲ್ಲಿ ಎರಡು ಸಲ ಬರೆದು ಅಳಿಸಿದೆ. ಆಮೇಲೆ ಮೊದಲ ಸಾಲಿಗೆ ಆ ಇನ್‌ಸ್ಪೆಕ್ಟರ್ ಕೇಳಿದ ಪ್ರಶ್ನೆಯನ್ನೇ ಹಾಕಿದೆ.