ವಿಟ್ಬಿ ಗಾತ್ ವೀಕೆಂಡ್‌ಗೆ ಹೋಗುವವರು ಮೊದಲು ರೂಮು ನೋಡಿಕೊಳ್ಳಿ

ಕಪ್ಪು ಉಡುಪು, ವಿಷಾದದ ರಾಕ್ ಸಂಗೀತ ಮೆಚ್ಚುವ ಗಾತ್ ಮಂದಿಯ ಹಬ್ಬ ವಿಟ್ಬಿ ಗಾತ್ ವೀಕೆಂಡ್‌ಗೆ ಹೊರಟವರು ಯಾವ ಬ್ಯಾಂಡ್ ಬರುತ್ತದೆ ಎಂದು ಕೇಳುತ್ತಾರೆ. ನಾನು ಮೊದಲು ರೂಮಿನ ಮಾತೆತ್ತುತ್ತೇನೆ. ಅಲ್ಲಿ ನಮ್ಮನ್ನು ಸುಲಿದದ್ದು ರೂಮೇ.

ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನ ಕಡಲತೀರದ ಪುಟ್ಟ ಊರು ವಿಟ್ಬಿ. ಬ್ರಾಮ್ ಸ್ಟೋಕರ್ 1890ರಲ್ಲಿ ಇಲ್ಲಿ ಬಂದು ತಂಗಿದ್ದ. ಅವನ ಡ್ರಾಕುಲಾ ಕಥೆಯಲ್ಲಿ ಹಡಗು ಬಂದು ದಡಕ್ಕೆ ಬಡಿಯುವುದೂ ಇಲ್ಲೇ. 1994ರಲ್ಲಿ ಜೋ ಹ್ಯಾಂಪ್‌ಷೈರ್ ಎಂಬಾಕೆ ತಮ್ಮ ಪತ್ರಮಿತ್ರರನ್ನು ಈ ಊರಿಗೆ ಕರೆಸಿ ಎಲ್ಸಿನೋರ್ ಎಂಬ ಪಬ್‌ನಲ್ಲಿ ಸೇರಿಸಿದರು. ಆ ಸಣ್ಣ ಗುಂಪೇ ಸಾವಿರಾರು ಜನರ ಹಬ್ಬವಾಗಿ ಬೆಳೆಯಿತು. ಆಗ ಬಂದವರಲ್ಲಿ ಎಷ್ಟೋ ಜನ ಇನ್ನೂ ಬರುತ್ತಿದ್ದಾರೆ, ನನಗೆ ಅಚ್ಚರಿಯಾದದ್ದು ಅದಕ್ಕೇ. ಮೊದಮೊದಲ ಗಾತ್‌ಗಳು ಸೇರುತ್ತಿದ್ದ ಲಂಡನ್ನಿನ ಬ್ಯಾಟ್‌ಕೇವ್ ಕ್ಲಬ್ ಶುರುವಾದದ್ದು 1982ರಲ್ಲಿ. ಆಗ ಹದಿನೆಂಟಾಗಿದ್ದವರಿಗೆ ಈಗ ಅರವತ್ತು ದಾಟಿದೆ. ಕಪ್ಪು ವೆಲ್ವೆಟ್ ಕೋಟು, ಬೆಳ್ಳಿ ಹಿಡಿಯ ಕೋಲು. ಆ ಕೋಲು ಬರೀ ವೇಷಕ್ಕೆ ಹಿಡಿದದ್ದಲ್ಲ, ಅದನ್ನು ಊರಿಕೊಂಡೇ ನಡೆಯುತ್ತಾರೆ.

ಅರವತ್ತರ ಮಂದಿ ಟೆಂಟಿನಲ್ಲಿ ಮಲಗುವುದಿಲ್ಲ, ಸ್ನೇಹಿತರ ರೂಮಿನ ನೆಲದ ಮೇಲೆ ಆರು ಜನ ಒತ್ತರಿಸಿಕೊಳ್ಳುವುದೂ ಇಲ್ಲ. ಕೈಯಲ್ಲಿ ಸಂಬಳವಿದೆ, ಬೆನ್ನಿಗೆ ಒಳ್ಳೆಯ ಹಾಸಿಗೆ ಬೇಕು. ಹಾಗಾಗಿ ಒಳ್ಳೆಯ ಗೆಸ್ಟ್‌ಹೌಸುಗಳೆಲ್ಲ ಹಳಬರ ಹೆಸರಿನಲ್ಲಿ ಮೊದಲೇ ಬುಕ್ ಆಗಿರುತ್ತವೆ. ಉಳಿದ ರೂಮುಗಳನ್ನು ಹೊಸಬರ ತಲೆಗೆ ಕಟ್ಟುತ್ತಾರೆ. ನಾನು ಮತ್ತು ಅಕ್ಕ ಉಳಿದ ಮನೆಯಲ್ಲಿ ಮೂರು ರಾತ್ರಿಗೆ ಕಡಿಮೆ ಕೊಡುವುದಿಲ್ಲವೆಂದು ಪಟ್ಟು ಹಿಡಿದರು. ಸಮುದ್ರ ಕಾಣುತ್ತದೆಂದು ಬರೆದಿದ್ದರು. ಕಂಡದ್ದು ಪಕ್ಕದ ಮನೆಯ ಚಾವಣಿ. ರೂಮು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಮೆಟ್ಟಿಲು ಎಷ್ಟು ಕಿರಿದೆಂದರೆ ಸೂಟ್‌ಕೇಸನ್ನು ತಲೆಯ ಮೇಲೆ ಹೊರಬೇಕು. ಅಕ್ಕನ ಮೊಣಕಾಲು ನೋವು ಅಲ್ಲಿಂದಲೇ ಶುರು. ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ಎಷ್ಟನೇ ಮಹಡಿ, ಬಾತ್‌ರೂಮ್ ಒಳಗಿದೆಯೇ, ಕಿಟಕಿ ಯಾವ ಕಡೆಗಿದೆ ಎಂದು ಬಾಯಿಬಿಟ್ಟು ಕೇಳಿ. ಆ ದುಡ್ಡಿನಲ್ಲಿ ಲಂಡನ್ನಿನಲ್ಲೇ ಇದಕ್ಕಿಂತ ಚೆನ್ನಾಗಿ ಇರಬಹುದಿತ್ತು.

ಬಸ್ಸಿನದೂ ಅದೇ ಕಥೆ. ಯಾರ್ಕ್‌ನಿಂದ ಮೂರ್ಸ್ ಬಯಲು ದಾಟಿ ಬರುವ ದಾರಿ ನಿಜಕ್ಕೂ ಸುಂದರ, ಆದರೆ ಹಬ್ಬದ ಶುಕ್ರವಾರ ಆ ಬಸ್ಸನ್ನು ನಂಬಬೇಡಿ. ನಾವು ನಿಂತಿದ್ದ ಸ್ಟಾಪಿಗೆ ಬರುವಾಗಲೇ ತುಂಬಿ ತುಳುಕುತ್ತಿತ್ತು, ಡ್ರೈವರ್ ಕೈ ಅಲ್ಲಾಡಿಸಿ ಮುಂದೆ ಹೋಗಿಬಿಟ್ಟ. ಮುಂದಿನ ಬಸ್ಸಿಗಾಗಿ ಚಳಿಗಾಳಿಯಲ್ಲಿ ನಿಂತೆವು. ಮಿಡಲ್ಸ್‌ಬರೋದಿಂದ ಎಸ್ಕ್ ಕಣಿವೆಯಲ್ಲಿ ಬರುವ ರೈಲು ಒಂದೂವರೆ ಗಂಟೆ ಹಿಡಿಯುತ್ತದೆ, ದಿನಕ್ಕೆ ಕೆಲವೇ ಇವೆ. ಆದರೂ ನನ್ನ ಮತ ರೈಲಿಗೇ.

ಊಟದ ವಿಷಯಕ್ಕೆ ಬಂದರೆ ಬಂದರಿನ ಪಕ್ಕದ ಮೀನಿನಂಗಡಿಗಳ ಸಾಲಿಗೆ ಹೋಗಲೇಬೇಡಿ. ಒಳಗಿನ ಬೀದಿಯೊಂದರ ಪ್ರಾರ್ಥನಾ ಮಂದಿರದ ಸಭಾಂಗಣದಲ್ಲಿ ಊರಿನ ಅಜ್ಜಿಯರು ಸೇರಿ ಊಟ ಹಾಕುತ್ತಿದ್ದರು. ತರಕಾರಿ ಸೂಪು, ಬ್ರೆಡ್ಡು, ಬೆಣ್ಣೆ ಹಾಕಿ ಸುಟ್ಟ ದೊಡ್ಡ ಆಲೂಗಡ್ಡೆ, ಕೆಟಲ್‌ ತುಂಬ ಚಹಾ. ಇಬ್ಬರಿಗೂ ಸೇರಿ ಹತ್ತು ಪೌಂಡ್ ಮುಟ್ಟಲಿಲ್ಲ. ಸೂಪು ಮುಗಿದರೆ ಕೇಳದೆಯೇ ಇನ್ನೊಂದು ಸೌಟು ಹಾಕಿದರು. ನಾವು ಸಸ್ಯಾಹಾರಿಗಳೆಂದಾಗ ಒಳಗೆ ಹೋಗಿ ಸೂಪಿಗೆ ಏನೇನು ಹಾಕಿದ್ದಾರೆಂದು ವಿಚಾರಿಸಿಕೊಂಡು ಬಂದರು. ನಮ್ಮ ಮೇಜಿನಲ್ಲೇ ಕಣ್ಣಿಗೆ ದಟ್ಟ ಕಾಡಿಗೆ ಹಚ್ಚಿದ ಗಂಡಹೆಂಡಿರು ಕೂತಿದ್ದರು, ಜೊತೆಗೆ ಮೊಮ್ಮಗಳು. ಇಬ್ಬರ ಪರಿಚಯವಾದದ್ದೂ ಇದೇ ಊರಿನಲ್ಲಂತೆ. ಚಹಾ ಬಸಿಯುತ್ತಿದ್ದ ಅಜ್ಜಿ ಅವರನ್ನು ಹೆಸರು ಹಿಡಿದು ಮಾತಾಡಿಸಿ, ಹೋದ ವರ್ಷದ ಆಪರೇಷನ್ ಬಗ್ಗೆ ಕೇಳಿದರು. ಈ ಹಬ್ಬದ ನಿಜವಾದ ಅಂದ ನನಗೆ ಕಂಡದ್ದು ಅಲ್ಲಿ.

ಸರ್ರೆ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಪಾಲ್ ಹಾಡ್ಕಿನ್ಸನ್ 1990ರ ದಶಕದಲ್ಲಿ ಗಾತ್ ಯುವಕರನ್ನು ಅಧ್ಯಯನ ಮಾಡಿದ್ದರು. ವರ್ಷಗಳ ನಂತರ ವಯಸ್ಸಾದ ಗಾತ್‌ಗಳನ್ನೂ ಮಾತಾಡಿಸಿದರು. ಕೆಲಸ, ಮಕ್ಕಳು, ಸುಸ್ತು ಎಲ್ಲ ಸೇರಿಕೊಂಡರೂ ಇವರು ಬಿಟ್ಟು ಹೋಗಲಿಲ್ಲ, ಒಟ್ಟಿಗೇ ವಯಸ್ಸಾದರು ಎಂಬುದು ಅವರು ಕಂಡದ್ದು. ನನಗೂ ಕಂಡದ್ದು ಅದೇ. ಹಬ್ಬ ರಾತ್ರಿಯಿಂದ ಹಗಲಿಗೆ ಸರಿದಿದೆ. ಬಟ್ಟೆ, ಒಡವೆಗಳ ಸಂತೆ, ಚಹಾ, ಹರಟೆ, ಮಕ್ಕಳ ತಳ್ಳುಗಾಡಿಗಳು. ರಾತ್ರಿಯ ಕಾರ್ಯಕ್ರಮದಲ್ಲಿ ಗೋಡೆಬದಿಯ ಕುರ್ಚಿಗಳೇ ಮೊದಲು ತುಂಬುತ್ತವೆ, ಕೂರಬೇಕೆಂದರೆ ಬೇಗ ಹೋಗಿ. ಹಬ್ಬ ಸಪ್ಪೆಯಾಯಿತೆಂದು ಗೊಣಗುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಗುಡ್ಡದ ಮೇಲಿನ ಸೇಂಟ್ ಮೇರಿ ಚರ್ಚಿಗೆ 199 ಮೆಟ್ಟಿಲು. ನಡುನಡುವೆ ಬೆಂಚುಗಳಿವೆ, ಹಿಂದೆ ಶವಪೆಟ್ಟಿಗೆ ಹೊತ್ತವರು ಅದನ್ನು ಇಳಿಸಿ ದಣಿವಾರಿಸಿಕೊಳ್ಳಲು ಹಾಕಿದ್ದಂತೆ. ಬೆಳಿಗ್ಗೆ ಬೇಗ ಹತ್ತಿ. ಗೋರಿಗಳ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬೇಡಿ, ಅಲ್ಲಿ ಮಲಗಿರುವವರ ಮನೆಯವರು ಇದೇ ಊರಿನಲ್ಲಿದ್ದಾರೆ. ಊರಿನ ಪಶ್ಚಿಮದ ಗುಡ್ಡ ವೆಸ್ಟ್ ಕ್ಲಿಫ್ ಕಡೆ ಸೋಫಿ ಲ್ಯಾಂಕಾಸ್ಟರ್ ನೆನಪಿನ ಬೆಂಚಿದೆ. 2007ರಲ್ಲಿ ಲ್ಯಾಂಕಾಷೈರ್‌ನ ಪಾರ್ಕೊಂದರಲ್ಲಿ, ಗಾತ್ ವೇಷದಲ್ಲಿದ್ದಳೆಂಬ ಕಾರಣಕ್ಕೇ ಹೊಡೆತ ತಿಂದು ಜೀವ ಕಳೆದುಕೊಂಡ ಇಪ್ಪತ್ತರ ಹುಡುಗಿ ಆಕೆ. ಹಳಬರು ಅಲ್ಲಿ ನಿಲ್ಲದೆ ಹೋಗುವುದಿಲ್ಲ. ನೀವೂ ನಿಲ್ಲಿ.

ಶನಿವಾರ ಮಧ್ಯಾಹ್ನ ಬಂದರಿನ ತಿರುಗುವ ಸೇತುವೆ ಸ್ವಿಂಗ್ ಬ್ರಿಡ್ಜ್ ಕಡೆ ಸುಳಿಯಬೇಡಿ. ಬಾಡಿಗೆ ವೇಷದವರು, ಕ್ಯಾಮೆರಾದವರು ತುಂಬಿ ಉಸಿರಾಡಲೂ ಜಾಗವಿಲ್ಲ. ನನಗೆ ಜನಜಂಗುಳಿ ಆಗದು, ರೂಮಿಗೆ ವಾಪಸ್ ಬಂದುಬಿಟ್ಟೆ.

ಈಗ ಊರಿನಲ್ಲಿ ಬೇರೆ ಸಂಘಟಕರ ಟುಮಾರೋಸ್ ಗೋಸ್ಟ್ಸ್ ಎಂಬ ಇನ್ನೊಂದು ಗಾತ್ ಹಬ್ಬವೂ ನಡೆಯುತ್ತದೆ. ಯಾವುದರ ದಿನಾಂಕ ಯಾವುದೆಂದು ಖಚಿತಪಡಿಸಿಕೊಂಡೇ ಟಿಕೆಟ್ ತೆಗೆಯಿರಿ. ರೂಮಿಗಾಗಿ ವೆಬ್‌ಸೈಟುಗಳನ್ನು ಕೆದಕುವುದಕ್ಕಿಂತ ಗೆಸ್ಟ್‌ಹೌಸಿಗೇ ನೇರ ಫೋನ್ ಮಾಡಿ. ಆರೋಗ್ಯ ಸರಿಯಿಲ್ಲದೆ ಹಳಬರು ಬಿಟ್ಟುಕೊಡುವ ರೂಮುಗಳು ಹಬ್ಬಕ್ಕೆ ಕೆಲವು ವಾರವಿರುವಾಗ ಸಿಗುತ್ತವೆ, ಹೆಸರು ಬರೆಸಿಟ್ಟರೆ ಅವರೇ ತಿಳಿಸುತ್ತಾರೆ ಎಂದು ಸೂಪಿನ ಮೇಜಿನ ದಂಪತಿ ಹೇಳಿದರು. ಅಕ್ಕ ಈಗಾಗಲೇ ಎರಡು ಕಡೆ ಹೆಸರು ಬರೆಸಿದ್ದಾಳೆ, ಎರಡೂ ನೆಲಮಹಡಿಗೆ.