ಕ್ರಾಸ್ ಹಾಕ್ತಾನೆ ಅನ್ಕೊಂಡೆ ಮಾಮ

ಭಾನುವಾರ ಸಂಜೆಯಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಕ್ರಾಸ್ ಹಾಕ್ತಾನೆ ಅನ್ಕೊಂಡೆ ಮಾಮ."

ಹೇಳಿದ್ದು ಅಕ್ಕನ ಮಗ. 13 ವರ್ಷ. ಫುಟ್‌ಬಾಲ್ ತಂಡದ ಗೋಲ್ ಕೀಪರ್. ಸೆಮಿಫೈನಲ್ 1-1 ಆಗಿತ್ತು, ಮುಗಿಯೋಕೆ ಮೂರ್ನಾಲ್ಕು ನಿಮಿಷ ಬಾಕಿ. ಎದುರು ತಂಡದ ಹುಡುಗ ಬಲಗಡೆ ಗೆರೆ ಹಿಡಿದು ಓಡಿ ಬಂದ. ನಮ್ಮ ಡಿಫೆಂಡರ್ ಹಿಂದೆ ಉಳಿದ. ಗೋಲಿನ ಮುಂದೆ ಅವರ ಕಡೆಯವರು ಇಬ್ಬರು ಕೈ ಎತ್ತಿ ಬಾಲ್ ಕೇಳ್ತಾ ಇದ್ದರು. ನಮ್ಮವನು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಒಂದೇ ಹೆಜ್ಜೆ. ಆ ಹುಡುಗ ಕ್ರಾಸ್ ಹಾಕಲಿಲ್ಲ, ಅಂದರೆ ಪಕ್ಕದಿಂದ ಗೋಲಿನ ಮುಂದೆ ನಿಂತವರಿಗೆ ಬಾಲ್ ಕೊಡಲಿಲ್ಲ. ಕಂಬಕ್ಕೂ ಇವನಿಗೂ ನಡುವೆ ಉಳಿದಿತ್ತಲ್ಲ, ಆ ಜಾಗಕ್ಕೆ ಹೊಡೆದ.

ಆಮೇಲೆ ನೀರಿನ ಕ್ಯಾನ್ ಹತ್ತಿರ ಒಬ್ಬ ಹುಡುಗನ ಅಪ್ಪ ತಮ್ಮ ಪುಟ್ಟ ಮಗಳಿಗೆ ಇವನನ್ನು ಕೈ ಮಾಡಿ ತೋರಿಸಿದರು. "ನೋಡು, ಈ ಅಣ್ಣನಿಂದಾನೇ ನಾವು ಫೈನಲ್ ಆಡಲ್ಲ." ಜೋರಾಗಿ ಏನೂ ಹೇಳಲಿಲ್ಲ. ಬಯ್ಯಲೂ ಇಲ್ಲ. ಮಗುವಿಗೆ ಮರದ ಮೇಲಿನ ಅಳಿಲು ತೋರಿಸುವ ಹಾಗೆ ತೋರಿಸಿದರು. ಇವನು ಬಾಟಲಿಗೆ ನೀರು ತುಂಬಿಕೊಳ್ತಾ ಇದ್ದ. ಕೇಳಿಸಿತು. ತಲೆ ಎತ್ತಲಿಲ್ಲ.

ಆ ಮನುಷ್ಯ ಕೆಟ್ಟವರಲ್ಲ. ಪ್ರತಿ ಪಂದ್ಯಕ್ಕೂ ಎಲ್ಲ ಮಕ್ಕಳಿಗೂ ಕಿತ್ತಳೆ ಹಣ್ಣು ತರೋದು ಅವರೇ. ಆದರೆ ಅವರ ಮಗನೇ ಫಸ್ಟ್ ಹಾಫ್‌ನಲ್ಲಿ ಖಾಲಿ ಗೋಲಿನ ಮುಂದೆ ನಿಂತು ಬಾಲನ್ನು ಮೇಲಕ್ಕೆ ಹೊಡೆದಿದ್ದ. ಅದನ್ನು ಯಾರೂ ಯಾರಿಗೂ ಕೈ ಮಾಡಿ ತೋರಿಸಲಿಲ್ಲ. ಗೋಲು ಹೊಡೆಯದೆ ಇದ್ದವನ ತಪ್ಪು ಗಾಳಿಯಲ್ಲಿ ಹೋಗುತ್ತದೆ. ಗೋಲು ತಡೆಯದೆ ಇದ್ದವನ ತಪ್ಪು ಬೋರ್ಡಿನ ಮೇಲೆ ಕೂರುತ್ತದೆ.

ಮನೆಗೆ ಬರುವಾಗ ಸ್ಕೂಟರಿನಲ್ಲಿ ಹಿಂದೆ ಕೂತು, ಬೆನ್ನಿಗೆ ಹಣೆ ಒತ್ತಿ ಅಂದ, "ಕ್ರಾಸ್ ಹಾಕ್ತಾನೆ ಅನ್ಕೊಂಡೆ ಮಾಮ." ನನಗೆ ಮೈ ಜುಮ್ ಅಂತು. ಯಾಕಂದ್ರೆ ಇದೇ ಮಾತನ್ನು ಇನ್ನೊಬ್ಬರು ಹೇಳಿದ್ದರು. ಅವರು 50 ವರ್ಷ ಅದನ್ನೇ ಹೇಳುತ್ತಾ ಬದುಕಿದರು. ಅವರ ಹೆಸರು ಮೊಆಸಿರ್ ಬಾರ್ಬೋಸಾ, ಬ್ರೆಜಿಲ್ ತಂಡದ ಗೋಲ್ ಕೀಪರ್.

1950ರ ಜುಲೈ 16. ರಿಯೊ ಡಿ ಜನೈರೊದ ಮರಕಾನ ಸ್ಟೇಡಿಯಂ. ಆ ವಿಶ್ವಕಪ್‌ಗೆ ಈಗಿನ ಹಾಗೆ ಫೈನಲ್ ಅಂತ ಇರಲಿಲ್ಲ. ಕೊನೆಯ ನಾಲ್ಕು ತಂಡಗಳು ಒಬ್ಬರ ಮೇಲೊಬ್ಬರು ಆಡಬೇಕಿತ್ತು. ಬ್ರೆಜಿಲ್ ಸ್ವೀಡನ್ನಿಗೆ 7-1, ಸ್ಪೇನಿಗೆ 6-1 ಬಾರಿಸಿ ಬಂದಿತ್ತು. ಉರುಗ್ವೆ ಎದುರು ಡ್ರಾ ಆದರೂ ಸಾಕು, ಕಪ್ ಅವರದೇ. ಆವತ್ತು ಬೆಳಿಗ್ಗೆ ಒಂದು ಪತ್ರಿಕೆ ತಂಡದ ಫೋಟೊ ಹಾಕಿ ಇವರೇ ವಿಶ್ವ ಚಾಂಪಿಯನ್ನರು ಅಂತ ಅಚ್ಚು ಮಾಡಿಬಿಟ್ಟಿತ್ತು. ಆಟ ಶುರುವಾಗುವ ಮೊದಲೇ ರಿಯೊ ನಗರದ ಮೇಯರ್ ಮೈಕಿನಲ್ಲಿ ಆಟಗಾರರನ್ನು ಚಾಂಪಿಯನ್ನರೇ ಅಂತ ಕರೆದು ಭಾಷಣ ಮಾಡಿದರು. ಟಿಕೆಟ್ ಕೊಂಡು ಒಳಗೆ ಬಂದವರೇ 1,73,850 ಜನ. ಒಟ್ಟು ಸುಮಾರು ಎರಡು ಲಕ್ಷ ಇದ್ದರು ಅನ್ನುತ್ತಾರೆ.

(ಆ ವಿಶ್ವಕಪ್‌ಗೆ ನಮ್ಮ ಭಾರತ ತಂಡವೂ ಹೋಗಬೇಕಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ನಮ್ಮ ಹೆಸರೂ ಇತ್ತು. ಕೊನೆಗೆ ಹೋಗಲಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಗೋಲು ಕಾದವರು ಬೆಂಗಳೂರಿನ ವರದರಾಜ್. ಹೋಗಿದ್ದರೆ ನಮ್ಮ ಊರಿನ ಒಬ್ಬ ಕೀಪರ್ ಕೂಡ ಬ್ರೆಜಿಲ್ ನೆಲದಲ್ಲಿ ನಿಲ್ಲಬಹುದಿತ್ತೇನೋ ಅಂತ ನೆನೆದಾಗೆಲ್ಲ ಹೊಟ್ಟೆ ಉರಿಯುತ್ತದೆ.)

47ನೇ ನಿಮಿಷದಲ್ಲಿ ಬ್ರೆಜಿಲ್‌ನ ಫ್ರಿಯಾಸಾ ಗೋಲು ಹೊಡೆದರು. ಮುಗೀತು ಅಂದುಕೊಂಡರು ಎಲ್ಲ. 66ನೇ ನಿಮಿಷದಲ್ಲಿ ಉರುಗ್ವೆಯ ಘಿಗ್ಗಿಯಾ ಬಲಗಡೆ ಗೆರೆ ಹಿಡಿದು ಓಡಿ ಬಂದು ಒಳಗೆ ಕ್ರಾಸ್ ಹಾಕಿದರು. ಸ್ಕಿಯಾಫಿನೊ ಅದನ್ನು ಗೋಲಿಗೆ ಸೇರಿಸಿದರು. 1-1. ಸರಿಯಾಗಿ 13 ನಿಮಿಷ ಆದ ಮೇಲೆ ಅದೇ ಘಿಗ್ಗಿಯಾ, ಅದೇ ಬಲಗಡೆ, ಅದೇ ಓಟ. ಅದೇ ಬಿಗೋಡೆ ಅನ್ನುವ ಡಿಫೆಂಡರ್ ಮತ್ತೆ ಹಿಂದೆ ಉಳಿದರು. ಗೋಲಿನ ಮುಂದೆ ಉರುಗ್ವೆಯವರು ಕ್ರಾಸಿಗೆ ಕಾಯ್ತಾ ಇದ್ದಾರೆ. ಈಗ ನೀವೇ ಹೇಳಿ, ನೀವು ಕೀಪರ್ ಆಗಿದ್ದರೆ ಏನು ಮಾಡ್ತಿದ್ದಿರಿ? ಬಾರ್ಬೋಸಾ ಕಂಬ ಬಿಟ್ಟು ಸ್ವಲ್ಪ ಆಚೆ ಸರಿದರು. ಘಿಗ್ಗಿಯಾ ಕಂಬದ ಪಕ್ಕಕ್ಕೇ ಹೊಡೆದರು.

ಆ ಗೋಲಿನ ವಿಡಿಯೊ ಚಿತ್ರವನ್ನು ನಾನು ಈ ವಾರ ಎಷ್ಟು ಸಲ ನೋಡಿದೆನೋ ಲೆಕ್ಕ ಇಲ್ಲ. ಕಪ್ಪು ಬಿಳುಪು, ಮಸುಕು, ಒಂದೆರಡು ಸೆಕೆಂಡು. ಬಾರ್ಬೋಸಾ ಎಡಕ್ಕೆ ಬೀಳುತ್ತಾರೆ, ನಿಧಾನಕ್ಕೆ ಏಳುತ್ತಾರೆ. ನಿಲ್ಲಿಸಿ ನಿಲ್ಲಿಸಿ ನೋಡಿದರೂ ನನಗೆ ಅಲ್ಲಿ ತಪ್ಪು ಕಾಣಲಿಲ್ಲ. ಲೆಕ್ಕ ಹಾಕಿದ ಮನುಷ್ಯ ಕಾಣಿಸಿದರು. ಘಿಗ್ಗಿಯಾ ಕೂಡ ಆಮೇಲೆ ಬಾರ್ಬೋಸಾ ಯೋಚಿಸಿದ್ದು ಸರಿಯಾಗೇ ಇತ್ತು ಅಂತಲೇ ಹೇಳಿದ್ದರು. ಬಾಲು ಬೆರಳಿಗೆ ತಗಲಿತ್ತು ಅನ್ನುತ್ತಿದ್ದರು ಬಾರ್ಬೋಸಾ. ಗೋಲಿನ ಹೊರಗೆ, ಕಾರ್ನರ್‌ಗೆ ತಳ್ಳಿದೆ ಅಂತಲೇ ತಿಳಿದಿದ್ದರಂತೆ. ಆಮೇಲೆ ಇಡೀ ಸ್ಟೇಡಿಯಂ ಸುಮ್ಮನಾಗಿದ್ದು ಗೊತ್ತಾಯಿತು. ಹಿಂದೆ ತಿರುಗಿ ನೋಡೋಕೆ ಧೈರ್ಯ ತಂದುಕೊಳ್ಳಬೇಕಾಯಿತು. ಬಾಲು ಬಲೆಯಲ್ಲಿತ್ತು.

ಎರಡು ಲಕ್ಷ ಜನ ಸುಮ್ಮನಾದಾಗ ಹೇಗಿರುತ್ತದೆ ಅಂತ ನನಗೆ ಗೊತ್ತಿಲ್ಲ. ಆದರೆ ಭಾನುವಾರ ನಲವತ್ತು ಜನ ಸುಮ್ಮನಾಗಿದ್ದು ನೋಡಿದೆ. ಅಷ್ಟಕ್ಕೇ ಆ ಹುಡುಗನ ಭುಜ ಇಳಿದುಹೋಯಿತು.

ಬಾರ್ಬೋಸಾ ಯಾರೋ ಸಾಧಾರಣ ಕೀಪರ್ ಅಲ್ಲ. ಇದನ್ನು ಜನ ಮರೆಯುತ್ತಾರೆ, ನನಗೆ ಸಿಟ್ಟು ಬರೋದೇ ಅದಕ್ಕೆ. 1921ರಲ್ಲಿ ಕಾಂಪಿನಾಸ್‌ನಲ್ಲಿ ಹುಟ್ಟಿದವರು. ರಿಯೊದ ವಾಸ್ಕೊ ಡ ಗಾಮಾ ಕ್ಲಬ್ಬಿನ ಗೋಲು ಕಾದವರು. ಆ ಕಾಲದ ವಾಸ್ಕೊ ತಂಡಕ್ಕೆ ಗೆಲುವಿನ ಎಕ್ಸ್‌ಪ್ರೆಸ್ ಅಂತಲೇ ಹೆಸರು. 1945, 47, 49, 50, 52, ಇಷ್ಟು ಸಲ ರಿಯೊ ಚಾಂಪಿಯನ್. 1948ರಲ್ಲಿ ಸ್ಯಾಂಟಿಯಾಗೊದಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್ಬುಗಳ ಟೂರ್ನಿ ಗೆದ್ದರು. 1949ರಲ್ಲಿ ಬ್ರೆಜಿಲ್ ಜೊತೆ ದಕ್ಷಿಣ ಅಮೆರಿಕದ ಕಪ್ಪು. ಗ್ಲೌಸ್ ಹಾಕುತ್ತಿರಲಿಲ್ಲ. ಬರಿಗೈಗೆ ಬಾಲಿನ ಸ್ಪರ್ಶ ಗೊತ್ತಾಗಬೇಕು ಅನ್ನೋದು ಅವರ ಲೆಕ್ಕ. ಆ ದಿನದವರೆಗೂ ಬ್ರೆಜಿಲ್‌ನ ಅತ್ಯುತ್ತಮ ಕೀಪರ್ ಯಾರು ಅಂದರೆ ಅವರ ಹೆಸರೇ ಬರುತ್ತಿತ್ತು.

ಆ ದಿನ ಆದ ಮೇಲೆ ದೇಶದ ಪರ ಇನ್ನೊಂದೇ ಪಂದ್ಯ ಸಿಕ್ಕಿದ್ದು, 1953ರಲ್ಲಿ. ಅದೇ ವರ್ಷ ಕ್ಲಬ್ ಪಂದ್ಯದಲ್ಲಿ ಕಾಲು ಮುರಿಯಿತು. ಬ್ರೆಜಿಲ್ ಸೋತ ಬಿಳಿ ಜರ್ಸಿಯನ್ನು ಬಿಟ್ಟು ಈಗ ನಾವೆಲ್ಲ ನೋಡುವ ಹಳದಿ ಜರ್ಸಿ ಹಾಕಿತು. ಜರ್ಸಿ ಬದಲಾಯಿಸಿದರೆ ಆಯಿತು, ಮನುಷ್ಯ ಏನು ಬದಲಾಯಿಸೋದು? ಅವರು ಬಾರ್ಬೋಸಾನೇ ಆಗಿ ಉಳಿಯಬೇಕಾಯಿತು. ಸೋಲಿಗೆ ಜನ ಜಾಸ್ತಿ ಬೆರಳು ಮಾಡಿದ್ದು ಮೂವರ ಕಡೆಗೆ. ಬಾರ್ಬೋಸಾ, ಬಿಗೋಡೆ, ಇನ್ನೊಬ್ಬ ಡಿಫೆಂಡರ್ ಜುವೆನಾಲ್. ಮೂವರೂ ಕಪ್ಪು ಬಣ್ಣದವರು. ಇದು ಕಾಕತಾಳೀಯ ಅಂತ ನಾನು ಒಪ್ಪಲ್ಲ. ಆಮೇಲೆ ಎಷ್ಟೋ ವರ್ಷ ಬ್ರೆಜಿಲ್‌ನಲ್ಲಿ ಕಪ್ಪು ಬಣ್ಣದವರನ್ನು ಗೋಲಿನಲ್ಲಿ ನಿಲ್ಲಿಸಬಾರದು ಅನ್ನೋ ಮಾತು ಓಡಾಡುತ್ತಿತ್ತಂತೆ. ಎರಡೂ ಗೋಲು ಬಂದಿದ್ದು 11 ಜನರನ್ನು ದಾಟಿಕೊಂಡು ಅಲ್ವಾ? ಡ್ರಾ ಸಾಕು ಅಂತ ಗೊತ್ತಿದ್ದೂ ಆಟ ನಿಧಾನ ಮಾಡದೆ ಇದ್ದವರು ಯಾರು? ಬೆಳಿಗ್ಗೆಯೇ ಗೆದ್ದಾಯಿತು ಅಂತ ಅಚ್ಚು ಹಾಕಿದವರು ಯಾರು? ಮೇಯರ್ ಹೆಸರು ಈಗ ಯಾರಿಗೆ ನೆನಪಿದೆ?

ಇನ್ನು ಆ ಅಂಗಡಿಯ ಕಥೆ. ಭಾನುವಾರ ನನ್ನ ಮೈ ಜುಮ್ ಅಂದಿದ್ದಕ್ಕೆ ಅರ್ಧ ಕಾರಣ ಅದೇ. 1970ರ ಸುಮಾರಿಗೆ ಬಾರ್ಬೋಸಾ ಒಂದು ಅಂಗಡಿಯಲ್ಲಿ ನಿಂತಿದ್ದರು. ಒಬ್ಬ ಹೆಂಗಸು ತನ್ನ ಪುಟ್ಟ ಮಗನಿಗೆ ಅವರನ್ನು ತೋರಿಸಿ, ನೋಡು ಮಗನೇ, ಇಡೀ ಬ್ರೆಜಿಲ್ಲನ್ನು ಅಳಿಸಿದ ಮನುಷ್ಯ ಇವನೇ ಅಂದರು. ಇಪ್ಪತ್ತು ವರ್ಷ ಆಗಿತ್ತು ಆ ಪಂದ್ಯ ಮುಗಿದು. ಆ ಮಗು ಆಗ ಹುಟ್ಟಿಯೇ ಇರಲಿಲ್ಲ. ತನ್ನ ಬದುಕಿನಲ್ಲೇ ತೀರ ದುಃಖದ ಗಳಿಗೆ ಅದು ಅಂತ ಬಾರ್ಬೋಸಾ ಹೇಳಿಕೊಂಡಿದ್ದರು. ಗೋಲು ಬಿಟ್ಟ ಗಳಿಗೆ ಅಲ್ಲ, ಇದು.

ನೀರಿನ ಕ್ಯಾನ್ ಹತ್ತಿರ ಆ ಅಪ್ಪ ಕೈ ಎತ್ತಿದಾಗ ನನಗೆ ಕಾಣಿಸಿದ್ದು ಆ ಅಂಗಡಿಯೇ. "ನೋಡು" ಅನ್ನುವ ಮಾತಿಗೆ ಎಷ್ಟು ಭಾರ ಇದೆ! ದೊಡ್ಡವರು ಒಂದು ಸಲ ಕೈ ಮಾಡಿ ತೋರಿಸಿದರೆ ಮಗು ಜೀವಮಾನವಿಡೀ ಆ ಮನುಷ್ಯನನ್ನು ಹಾಗೇ ನೋಡುತ್ತದೆ.

1993ರಲ್ಲಿ ಬಾರ್ಬೋಸಾ ಬ್ರೆಜಿಲ್ ತಂಡ ಅಭ್ಯಾಸ ಮಾಡ್ತಿದ್ದ ಶಿಬಿರಕ್ಕೆ ಹೋದರು, ಹುಡುಗರಿಗೆ ಶುಭ ಹಾರೈಸೋಣ ಅಂತ. ಒಳಗೆ ಬಿಡಲಿಲ್ಲ. ಅವರ ನೆರಳು ಬಿದ್ದರೆ ಅಪಶಕುನ ಅಂತ. ಆಗ ಅವರಿಗೆ 72 ವರ್ಷ. ಬ್ರೆಜಿಲ್‌ನಲ್ಲಿ ಅತಿ ದೊಡ್ಡ ಶಿಕ್ಷೆ ಅಂದರೆ 30 ವರ್ಷ ಜೈಲು, ನಾನು 50 ವರ್ಷದಿಂದ ಅನುಭವಿಸುತ್ತಾ ಇದ್ದೇನೆ ಅಂತ ಅವರು ಹೇಳಿದ ಮಾತು ಎಲ್ಲ ಕಡೆ ಓಡಾಡುತ್ತದೆ. 2000ದ ಏಪ್ರಿಲ್‌ನಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ ಹೆಂಡತಿ ಕ್ಲೊಟಿಲ್ಡೆ ಹೋಗಿದ್ದರು. ಎಷ್ಟೋ ವರ್ಷ ಬಾರ್ಬೋಸಾ ಸಂಬಳಕ್ಕೆ ದುಡಿದಿದ್ದು ಆ ಮರಕಾನದ ಆವರಣದಲ್ಲೇ. ಪ್ರತಿ ದಿನ ಅದೇ ಗೇಟಿನಿಂದ ಒಳಗೆ ಹೋಗಬೇಕು, ಅದೇ ಗೇಟಿನಿಂದ ಹೊರಗೆ ಬರಬೇಕು. ನನ್ನ ಕೈಲಿ ಆಗುತ್ತಿರಲಿಲ್ಲ.

ಗೇಟು ಅಂದಾಗ ಒಂದು ಹೇಳಲೇಬೇಕು. ಭಾನುವಾರದಿಂದ ಇದೂ ಕೊರೆಯುತ್ತಿದೆ. ನಮ್ಮ ಕಾಲೇಜು ತಂಡದ ಕೀಪರ್‌ಗೆ ನಾವು ಇಟ್ಟ ಹೆಸರು "ಗೇಟು." ಒಂದೇ ಒಂದು ಪಂದ್ಯದಲ್ಲಿ ಬಾಲು ಅವನ ಎರಡು ಕಾಲಿನ ನಡುವೆ ಹೋಯಿತು, ಆವತ್ತಿನಿಂದ ಅವನು ಗೇಟು. ಒಳ್ಳೆ ಕೀಪರ್. ಅದರ ಹಿಂದಿನ ವಾರವೇ ಎರಡು ಪೆನಾಲ್ಟಿ ಹಿಡಿದಿದ್ದ. ಮುಂದಿನ ವರ್ಷ ಮೈದಾನಕ್ಕೆ ಬರೋದು ಬಿಟ್ಟ. ಓದಿನ ಕಡೆ ಗಮನ ಅಂದ. ನಾವು ನಂಬಿದೆವು, ನಂಬೋದು ನಮಗೆ ಸುಲಭ ಆಗಿತ್ತು. ಮೂರು ವರ್ಷದ ಹಿಂದೆ ಒಂದು ಮದುವೆಯಲ್ಲಿ ಸಿಕ್ಕಿದ. ನಾನು ದೂರದಿಂದಲೇ "ಏನೋ ಗೇಟು!" ಅಂತ ಕೂಗಿದೆ. ಅವನು ನಕ್ಕ, ಬಂದು ತಬ್ಬಿಕೊಂಡ. ಪಕ್ಕದಲ್ಲಿ ಅವನ ಮಗಳು ಇದ್ದಳು. "ಅಪ್ಪಾ, ನಿನ್ನ ಯಾಕೆ ಗೇಟು ಅಂತಾರೆ?" ಅಂದಳು. ಅವನು "ಸುಮ್ನೆ ಪುಟ್ಟಾ" ಅಂದ.

ಆ "ಸುಮ್ನೆ" ಆಗ ನನಗೆ ಏನೂ ಅನ್ನಿಸಿರಲಿಲ್ಲ. ಬಾರ್ಬೋಸಾ ಕಥೆ ಆಗಲೇ ಗೊತ್ತಿತ್ತು, ಓದಿ ಕಣ್ಣು ತುಂಬಿಕೊಂಡಿದ್ದೂ ಇತ್ತು. ದೂರದ ದೇಶದ ಸತ್ತುಹೋದ ಕೀಪರ್‌ಗೆ ಅತ್ತವನು ನನ್ನ ಸ್ನೇಹಿತನನ್ನು ಮಗಳ ಮುಂದೆ ಗೇಟು ಅಂತ ಕೂಗಿದೆ. ಆ ಅಪ್ಪನ ಮೇಲೆ ಇಷ್ಟು ಬರೆದ ಮೇಲೆ ಇದನ್ನು ಬಚ್ಚಿಡೋಕೆ ಮನಸ್ಸು ಬರಲಿಲ್ಲ. ಸೋಮವಾರ ರಾತ್ರಿ ಅವನಿಗೆ ಫೋನ್ ಮಾಡಿದೆ. ಹೆಸರು ಹಿಡಿದು ಮಾತಾಡಿಸಿದೆ. ಅವನಿಗೆ ಆಶ್ಚರ್ಯ ಆಯಿತೇನೋ, ಒಂದು ಗಳಿಗೆ ಸುಮ್ಮನಿದ್ದ.

ಬುಧವಾರ ಅಕ್ಕನ ಮನೆಗೆ ಹೋದೆ. ಹುಡುಗ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಅಂತ ಅಕ್ಕ ಹೇಳಿದಳು. ಅವಳ ಪ್ರಕಾರ ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು, ಆಟ ತಾನೇ. ನಾನು ವಾದ ಮಾಡಲಿಲ್ಲ. ಅವನ ಪಕ್ಕ ಕೂತು ಮೊಬೈಲಿನಲ್ಲಿ ಆ ಹಳೇ ಚಿತ್ರ ತೋರಿಸಿದೆ. ಮೊದಲು 66ನೇ ನಿಮಿಷದ ಗೋಲು, ಆಮೇಲೆ 79ನೇ ನಿಮಿಷದ್ದು. ಸೋತ ಕಥೆ, ಅಂಗಡಿ ಕಥೆ ಯಾವುದನ್ನೂ ಹೇಳಲಿಲ್ಲ. ಅದಕ್ಕೆಲ್ಲ ಇನ್ನೂ ವಯಸ್ಸಿದೆ. ಅವನು ಹಿಂದಕ್ಕೆ ಎಳೆದು ಎಳೆದು ಐದಾರು ಸಲ ನೋಡಿದ.

"ಇವರೂ ಕ್ರಾಸ್ ಅಂತಾನೇ ಅನ್ಕೊಂಡ್ರು ಅಲ್ವಾ ಮಾಮ?"

"ಹೌದು ಕಣೋ."

"ಆಮೇಲೆ ಆಡಿದ್ರಾ?"

"ಆಡಿದ್ರು. 41 ವರ್ಷ ಆಗೋವರೆಗೂ ಆಡಿದ್ರು."

ಅಷ್ಟೊಂದಾ ಅನ್ನುವ ಹಾಗೆ ನನ್ನ ಮುಖ ನೋಡಿದ. ಇನ್ನೊಂದು ಸಲ ಚಿತ್ರ ಓಡಿಸಿದ. ಬಾರ್ಬೋಸಾ ಬೀಳುವ ಜಾಗದಲ್ಲಿ ಬೆರಳಿಟ್ಟು ನಿಲ್ಲಿಸಿ, ಕಂಬಕ್ಕೂ ಅವರ ಕೈಗೂ ಎಷ್ಟು ದೂರ ಅಂತ ಅಳೆಯುವ ಹಾಗೆ ನೋಡುತ್ತಾ ಕೂತ. ಆಮೇಲೆ ಕೇಳಿದ, "ಈ ಭಾನುವಾರ ಬೆಳಿಗ್ಗೆ ಆರಕ್ಕೆ ಬರ್ತೀಯಾ ಮಾಮ? ನೀನು ಬಲಗಡೆಯಿಂದ ಓಡಿ ಬರ್ಬೇಕು. ಕ್ರಾಸ್ ಹಾಕ್ತೀಯೋ ಗೋಲಿಗೆ ಹೊಡೀತೀಯೋ ಅಂತ ಮೊದ್ಲೇ ಹೇಳ್ಬಾರ್ದು."